ಗಾಜಿನ ಗಾಡಿಯ ಓಟ

ಬೀದಿಯವರೆಲ್ಲ ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ಗಾಜಿನಂಗಡಿಯಲ್ಲಿ ಗಾಜಿನ ಹಾಳೆಯೊಂದು ಜಾರಿ ಬಿದ್ದು ಅವಳ ಎಡ ಹಿಮ್ಮಡಿಯ ನರ ಕತ್ತರಿಸಿತ್ತು. ಕಾಲು ಉಳಿಯಿತು, ಕ್ಲಚ್ ಒತ್ತುವ ಶಕ್ತಿ ಉಳಿಯಲಿಲ್ಲ. ಹಾಗಾಗಿ ಅಂಗಡಿಗೊಂದು ಪಿಕಪ್ ಬೇಕಾದಾಗ ಮಾವ ಸಿಕ್ಕ ಸಿಕ್ಕ ಕಡೆಯೆಲ್ಲ ಅಲೆದು, ಗೇರ್ ತಾನೇ ಬದಲಾಯಿಸಿಕೊಳ್ಳುವ ಹಳೇ ಆಟೊಮ್ಯಾಟಿಕ್ ಗಾಡಿಯೊಂದನ್ನು ಹಿಡಿದು ತಂದಿದ್ದರು. "ಎಡಗಾಲಿಗೆ ಕೆಲಸವೇ ಇಲ್ಲ. ಇದು ನಿನಗೇ ಅಂತ ಹುಟ್ಟಿರೋ ಗಾಡಿ ಕಣಮ್ಮ" ಎಂದು ಕೀಲಿ ಅವಳ ಕೈಗೇ ಕೊಟ್ಟಿದ್ದರು.

ಅಲ್ಲಿಂದ ಮನೆಯ ಕೆಲಸ ತಾನಾಗಿ ಹಂಚಿಹೋಯಿತು. ಮಾವ ಗಾಜು ಕತ್ತರಿಸುತ್ತಾರೆ. ಗಂಡ ಬೆಳಿಗ್ಗೆಯೇ ಸ್ಕೂಟರಿನಲ್ಲಿ ಗಿರಾಕಿಯ ಮನೆಗೆ ಹೋಗಿ ಕಿಟಕಿಯ ಹಳೇ ಗಾಜು ಕಿತ್ತು ಚೌಕಟ್ಟು ಸ್ವಚ್ಛ ಮಾಡುತ್ತಾನೆ. ಅತ್ತೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಅಂಗಡಿಯ ಫೋನು ಹಿಡಿದಿರುತ್ತಾರೆ. ಗಾಜು ಹೇರಿಕೊಂಡು ಗಾಡಿ ಹೊಡೆಯುವುದು ಡ್ರೈವರಮ್ಮ. ಪಕ್ಕದ ಸೀಟು ಮಾವನದು. ಅವರು ಮುಂದಿನ ರಸ್ತೆ ನೋಡಿದ್ದು ಕಡಿಮೆ, ಹಿಂದಿನ ಕಿಂಡಿಯಲ್ಲಿ ಗಾಜು ನೋಡಿದ್ದೇ ಹೆಚ್ಚು. ಇಷ್ಟು ವರ್ಷ ಅವರಿಬ್ಬರೂ ಅಕ್ಕಪಕ್ಕ ಕೂತು, ಮಾತಾಡಬೇಕೆನಿಸಿದಾಗ ಮಾತಾಡಿ, ಇಲ್ಲದಿದ್ದರೆ ಸುಮ್ಮನಿದ್ದು ಓಡಾಡಿದ್ದರು. ತವರಿನಲ್ಲಿ ಅಪ್ಪನ ಜೊತೆಗೂ ಅವಳು ಅಷ್ಟು ಹೊತ್ತು ಕೂತವಳಲ್ಲ.

ಗಾಡಿಗೆ ಇದ್ದದ್ದು ಒಂದೇ ಕೆಟ್ಟ ಚಾಳಿ. ನಿಂತಲ್ಲಿಂದ ಹೊರಡು ಎಂದರೆ ಯೋಚನೆಗೆ ಬೀಳುತ್ತಿತ್ತು. ಕಾಲು ಒತ್ತಿದರೆ ಎಂಜಿನ್ ಹೋ ಎಂದು ಕೂಗುತ್ತಿತ್ತು, ಆದರೆ ಆ ಸುದ್ದಿ ಚಕ್ರಕ್ಕೆ ಮುಟ್ಟುವುದು ತಡವಾಗುತ್ತಿತ್ತು. ಅವರ ಬೀದಿ ಏರುತ್ತ ಹೋಗಿ ಸೇರುವುದು ದೊಡ್ಡ ರಸ್ತೆಗೆ. ಅಲ್ಲಿ ಸಿಗ್ನಲ್ ಇಲ್ಲ. ಸೇತುವೆ ಇಳಿದು ಬರುವ ಲಾರಿಗಳಿಗೆ ಬ್ರೇಕ್ ಎಂಬುದು ಇದೆ ಎಂದು ನೆನಪಾಗುವುದು ಕಡಿಮೆ. ಅವುಗಳ ನಡುವೆ ಸಂದು ಸಿಕ್ಕಾಗ ಪಟ್ಟನೆ ನುಗ್ಗಬೇಕು. ಈ ಗಾಡಿ ಪಟ್ಟನೆ ಏನನ್ನೂ ಮಾಡಿದ್ದಿಲ್ಲ.

ಆ ಸೋಮವಾರ ಆಗಬಾರದ್ದು ಆಗುವುದರಲ್ಲಿತ್ತು. ಹಿಂದೆ ಶಾಲೆಯೊಂದರ ಅಷ್ಟೂ ಕಿಟಕಿಗಳ ಗಾಜು, ಪಕ್ಕದಲ್ಲಿ ಮಾವ. ಸಂದು ನೋಡಿ ಅವಳು ಕಾಲು ಒತ್ತಿದಳು. ಗಾಡಿ ಕೂಗಿತು, ಅರ್ಧ ರಸ್ತೆಗೆ ಬಂದು ಆಮೆಯಾಯಿತು. ಜಲ್ಲಿ ತುಂಬಿದ ಲಾರಿಯೊಂದು ಹಾರ್ನ್ ಬಿಡದೆ ಒತ್ತುತ್ತ, ಟೈರು ಕಿರುಚಿಸುತ್ತ ಬಂದು ಮಾವ ಕೂತ ಬಾಗಿಲಿನ ಪಕ್ಕದಲ್ಲೇ ನಿಂತಿತು. ಲಾರಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಡ್ರೈವರಮ್ಮನಿಗೆ ಜೀವ ಬಾಯಿಗೆ ಬಂದಿತ್ತು. ಮಾವ ಶಾಲೆ ಬರುವವರೆಗೂ ತಮ್ಮ ಮೊಣಕಾಲನ್ನೇ ನೋಡುತ್ತ ಕೂತಿದ್ದರು.

ಮಾರನೆಯ ಬೆಳಿಗ್ಗೆ ಗಾಜು ಹೇರಿ ಅದು ಅಲುಗದ ಹಾಗೆ ಬೆಲ್ಟ್ ಬಿಗಿದ ಮೇಲೆ ಅವರು ಗಾಡಿ ಹತ್ತಲಿಲ್ಲ.

"ನೀನು ಹೋಗಿರಮ್ಮ. ನಾನು ಬಸ್ಸಲ್ಲಿ ಬರ್ತೀನಿ."

"ಯಾಕೆ ಮಾವ?"

"ಸುಮ್ನೆ. ಸ್ವಲ್ಪ ನಡೆದ ಹಾಗೂ ಆಗುತ್ತೆ."

ನಡೆದ ಹಾಗೂ ಆಗುತ್ತದೆಯಂತೆ. ಪಕ್ಕದ ಬೀದಿಗೆ ಹೋಗಬೇಕಾದರೂ ಮಗನ ಸ್ಕೂಟರ್ ಕೇಳುತ್ತಿದ್ದ ಮನುಷ್ಯ. ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಆ ವಾರವೆಲ್ಲ ಹಾಗೇ ನಡೆಯಿತು. ಮಾವ ಬಸ್ಸಿಗೆ, ಅವಳು ಗಾಡಿಗೆ. ಏರಿನ ತುದಿಗೆ ಬಂದಾಗಲೆಲ್ಲ ಅವಳ ಅಂಗೈ ಬೆವರುತ್ತಿತ್ತು. ಖಾಲಿ ಸೀಟಿನ ಕಡೆ ಅವಳು ನೋಡುತ್ತಿರಲಿಲ್ಲ. ಶನಿವಾರ ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಅವಳು ಬೇಳೆಯ ಪಾತ್ರೆಯನ್ನು ತುಸು ಜೋರಾಗಿಯೇ ಮೇಜಿನ ಮೇಲಿಟ್ಟಳು.

"ನಾನಿನ್ನು ಗಾಡಿ ಹೊಡೆಯಲ್ಲ. ಯಾರನ್ನಾದ್ರೂ ಇಟ್ಕೊಳ್ಳಿ."

ಗಂಡ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದ. "ಈಗೇನಾಯ್ತು?"

"ಏನಾಯ್ತು ಅಂತ ಎಲ್ಲರಿಗೂ ಗೊತ್ತಿದೆ. ನನ್ನ ಪಕ್ಕ ಕೂರೋಕೆ ಮನೆಯವರಿಗೇ ಧೈರ್ಯ ಇಲ್ಲ."

ಮಾವನ ಕಿವಿ ಈಚೆಗೆ ಸ್ವಲ್ಪ ಮಂದ. ಕೇಳಿಸಿತೋ ಇಲ್ಲವೋ, ಅವರು ಆಲೂಗಡ್ಡೆಯ ಸಿಪ್ಪೆ ಬಿಡಿಸುವುದರಲ್ಲೇ ಇದ್ದರು. ಅತ್ತೆ ಅನ್ನದ ಸೌಟು ಹಿಡಿದು ಅವರ ತಟ್ಟೆಯ ಮೇಲೆ ಬಗ್ಗಿದರು.

"ಇನ್ನೊಂದ್ಸಲ ಹಾಕಲಾ?"

"ಬೇಡ, ಸಾಕು."

"ಸಾಕಾ?" ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. ಮದುವೆಯಾದಾಗಿನಿಂದ ಆ ಮನುಷ್ಯ ಎರಡನೇ ಸಲದ ಅನ್ನ ಬೇಡ ಎಂದದ್ದನ್ನು ಅವರು ಕೇಳಿರಲಿಲ್ಲ.

ಕಾಲೇಜಿಗೆ ಹೋಗುವ ಮಗಳು ಫೋನನ್ನು ಎಲ್ಲರ ಮುಂದೆ ಹಿಡಿದಳು. "ಅಮ್ಮಂದು ತಪ್ಪಿಲ್ಲ. ತಪ್ಪು ಗೇರ್‌ಬಾಕ್ಸ್‌ದು. ನಾನು ಎಲ್ಲಾ ನೋಡಿದೀನಿ. ಒಳಗಿನ ಕೆಲವು ಭಾಗ ಬದಲಾಯಿಸಿದ್ರೆ ಇದೇ ಗಾಡಿ ಬಾಣದ ಹಾಗೆ ಹೋಗುತ್ತೆ."

"ಗಾಜು ಹೊರೋ ಗಾಡಿಗೆ ಬಾಣ ಯಾಕೇ?" ಎಂದರು ಅತ್ತೆ. "ಬಟ್ಟೆ ಒಗೆಯೋ ಮೆಷಿನ್ ಈ ವರ್ಷವಾದ್ರೂ ತರ್ತೀರಿ ಅಂದ್ಕೊಂಡಿದ್ದೆ. ನನ್ನ ಸೊಂಟದ ಬಗ್ಗೆ ಫೋನಲ್ಲಿ ಏನೂ ಬರಲ್ವಾ?"

"ಮೆಷಿನ್ ಮುಂದಿನ ವರ್ಷ ತರೋಣಮ್ಮ" ಎಂದ ಗಂಡ.

"ನೀನು ಮದುವೆ ಗಂಡಾದಾಗಿಂದ ಮುಂದಿನ ವರ್ಷವೇ ನಡೀತಿದೆ."

ಮಾವ ಆಗ ಬಾಯಿಬಿಟ್ಟರು. "ಗೇರ್‌ಬಾಕ್ಸ್ ಬಿಚ್ಚೋದೆಲ್ಲ ಯಾಕೆ? ಭಾರ ಕಮ್ಮಿ ಮಾಡಿದ್ರೆ ಸಾಕು."

"ಭಾರ ಕಮ್ಮಿ ಮಾಡಿ, ಒಂದು ಕೆಲಸಕ್ಕೆ ಎರಡೆರಡು ಸಲ ಓಡಾಡೋಕಾಗುತ್ತಾ ಅಪ್ಪ?" ಎಂದ ಗಂಡ. ಮಾವನಿಗೆ ಒಂದು ಮಾತನ್ನು ಎರಡು ಸಲ ಹೇಳಿ ಗೊತ್ತಿಲ್ಲ. ಗಾಜಿನ ಮೇಲೆ ಗೆರೆಯನ್ನೂ ಹಾಗೇ ಎಳೆಯುತ್ತಾರೆ, ಒಂದೇ ಸಲ.

ಡ್ರೈವರಮ್ಮ ಅಂದು ಪಾತ್ರೆ ತೊಳೆಯುವಾಗ ಕಣ್ಣೊರೆಸಿಕೊಂಡಳು. ಗಾಡಿ ಸರಿಯಾಗುತ್ತದೋ ಬಿಡುತ್ತದೋ, ಅವಳಿಗೆ ಬೇಕಾಗಿದ್ದದ್ದು ಒಂದೇ. ಮಾವ ಮತ್ತೆ ಆ ಸೀಟಿನಲ್ಲಿ ಕೂರಬೇಕು. ಕೀಲಿ ಕೊಟ್ಟ ಕೈಯೇ ತನ್ನನ್ನು ನಂಬದಿದ್ದರೆ ಆ ಸ್ಟೇರಿಂಗ್ ಹಿಡಿದು ಏನು ಪ್ರಯೋಜನ?

ಕೊನೆಗೆ ಮಗಳ ಮಾತೇ ನಡೆಯಿತು. ಅವಳು ಕರೆಸಿದ ಗೇರ್‌ಬಾಕ್ಸ್ ಮೇಸ್ತ್ರಿ ಗಾಡಿಯನ್ನು ಬೀದಿಯಲ್ಲಿ ಎರಡು ಸುತ್ತು ಓಡಿಸಿ ಬಂದು ಬಾನೆಟ್ ಮೇಲೆ ಕೈಯೂರಿದ. ಡೊಳ್ಳುಹೊಟ್ಟೆಯವನು, ನಗುಮುಖದವನು, ಯಾವ ಪ್ರಶ್ನೆ ಕೇಳಿದರೂ ಮೊದಲು ಚಹಾ ಹೀರಿ ಆಮೇಲೆ ಉತ್ತರ ಕೊಡುವವನು.

"ಎಂಜಿನ್‌ಗೇನೂ ರೋಗ ಇಲ್ಲ. ಎಂಜಿನ್‌ಗೂ ಗೇರ್‌ಗೂ ಮಧ್ಯೆ ಎಣ್ಣೆ ತುಂಬಿದ ಒಂದು ಡಬ್ಬ ಇರುತ್ತೆ, ಕನ್ವರ್ಟರ್ ಅಂತ. ನಿಮ್ಮದು ಸೋಮಾರಿ ಕನ್ವರ್ಟರ್. ಅದನ್ನ ಚುರುಕಾಗಿರೋದಕ್ಕೆ ಬದಲಾಯಿಸೋಣ. ಗೇರ್ ಬದಲಾಯಿಸೋ ವಾಲ್ವ್‌ಗಳಿಗೆ ಗಟ್ಟಿ ಸ್ಪ್ರಿಂಗ್ ಹಾಕೋಣ. ಎಣ್ಣೆ ತಣ್ಣಗಿರೋಕೆ ಮುಂದೆ ಒಂದು ಪುಟ್ಟ ರೇಡಿಯೇಟರ್. ಕಾಲು ಒತ್ತಿದ ತಕ್ಷಣ ಹೊರಡುತ್ತೆ." ಅವನು ಚಹಾ ಹೀರಿದ. "ಒಂದು ಕೇಳ್ತೀನಿ ಅಕ್ಕ. ಈ ಕೆಲಸ ಮಾಡಿಸೋಕೆ ನನ್ನ ಹತ್ರ ಬರೋರೆಲ್ಲ ರೇಸ್ ಹುಚ್ಚಿನ ಹುಡುಗರು. ನಿಮಗ್ಯಾಕೆ ಇದು?"

"ನನಗೆ ಒಂದೇ ಒಂದು ರಸ್ತೆ ದಾಟೋದಿದೆ" ಎಂದಳು.

ಗಾಡಿ ಒಂದು ವಾರ ಅವನಲ್ಲೇ ಉಳಿಯಿತು. ಅಷ್ಟು ದಿನಕ್ಕೆ ಬಾಡಿಗೆ ವ್ಯಾನ್ ಬಂತು. ಅದರ ಡ್ರೈವರ್ ಸಿಳ್ಳೆ ಹಾಕುತ್ತ, ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುವ ಆಸಾಮಿ. ಮೊದಲ ದಿನವೇ ಡ್ರೈವರಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ಮಾವ ಆ ವ್ಯಾನಿನ ಮುಂದಿನ ಸೀಟು ಹತ್ತಿ, ಹಾಯಾಗಿ ಕೂತು, ಬಾಗಿಲು ಎಳೆದುಕೊಂಡರು.

ಅವಳು ಒಳಗೆ ಬಂದು ಗಾಜಿನ ಚೂರು ಗುಡಿಸತೊಡಗಿದಳು. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸಿದಳು.

"ನೋಡಿದ್ರಾ ಅತ್ತೆ? ಆ ಸಿಳ್ಳೆಯವನ ಪಕ್ಕ ಕೂತ್ಕೊಂಡು ಹೋದ್ರು."

"ನಾನು ಅದನ್ನೆಲ್ಲಿ ನೋಡ್ಲಿ? ಅವರ ಪ್ಯಾಂಟಿನ ಬೆಲ್ಟ್ ನೋಡ್ದೆ. ಮೊಳೆ ತಗೊಂಡು ಹೊಸ ತೂತು ಹಾಕ್ಕೊಂಡಿದ್ದಾರೆ." ಅತ್ತೆಯ ದನಿ ತಗ್ಗಿತು. "ಏನೋ ಆಗಿದೆ ಕಣೇ ಇವರಿಗೆ. ಅನ್ನ ಅರ್ಧ, ಬ್ರೆಡ್ ಅರ್ಧ, ಸಕ್ಕರೆಯಂತೂ ಬೇಡವೇ ಬೇಡ. ಡಾಕ್ಟರ ಹತ್ರ ಹೋಗೋಣ ಅಂದ್ರೆ, ನಿನಗೇನಾಗಿದೆ ಅಂತ ನನ್ನನ್ನೇ ಕೇಳ್ತಾರೆ."

ಆಮೇಲೆ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬನೇ ಮನುಷ್ಯನ ಬಗ್ಗೆ ಬೇರೆ ಬೇರೆ ಚಿಂತೆ ಮಾಡುತ್ತ ಸೊಪ್ಪು ಬಿಡಿಸಿದರು. ಒಬ್ಬಳಿಗೆ ಅವರು ತನ್ನನ್ನು ನಂಬುತ್ತಿಲ್ಲ ಎಂಬ ನೋವು, ಇನ್ನೊಬ್ಬರಿಗೆ ಅವರಿಗೆ ಕಾಯಿಲೆ ಎಂಬ ಭಯ.

ಗಾಡಿ ಬಂತು. ಖಾಲಿ ಗಾಡಿಯಲ್ಲಿ ಅಮ್ಮ ಮಗಳು ಒಂದು ಸುತ್ತು ಹೋದರು. ಏರಿನ ತುದಿಯಲ್ಲಿ ಕಾಲು ಒತ್ತಿದ್ದೇ ತಡ, ಗಾಡಿ ಚಂಗನೆ ನೆಗೆದು ದೊಡ್ಡ ರಸ್ತೆಯ ನಡುವಿಗೆ ಬಂದುಬಿಟ್ಟಿತ್ತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಮಗಳು ಕಿಟಕಿಗೆ ಕೈ ಬಡಿದು ನಕ್ಕಳು. ಡ್ರೈವರಮ್ಮನಿಗೂ ಎಷ್ಟೋ ದಿನಗಳ ಮೇಲೆ ನಗು ಬಂತು. ಇಷ್ಟು ಚುರುಕಾಗಿ ಹೋಗುವ ಗಾಡಿಗೆ ಮಾವ ನಾಳೆ ಹತ್ತಿಯೇ ಹತ್ತುತ್ತಾರೆ ಎಂದುಕೊಂಡಳು.

ಮಾವ ಹತ್ತಲಿಲ್ಲ. ಗಾಜು ಹೇರಿದರು, ಬೆಲ್ಟ್ ಬಿಗಿದರು, ಬಸ್ ನಿಲ್ದಾಣದ ಕಡೆ ನಡೆದರು. ಅವಳು ಹಲ್ಲು ಕಚ್ಚಿ ಗಾಡಿ ಹೊರಡಿಸಿದಳು. ಸಿಟ್ಟಿನಲ್ಲಿ ಕಾಲು ಒಂದು ಗೆರೆ ಜಾಸ್ತಿಯೇ ಒತ್ತಿತೋ ಏನೋ. ಏರಿನ ತುದಿಯಲ್ಲಿ ಗಾಡಿ ನೆಗೆಯಿತು, ಮೊದಲ ಗೇರಿನಿಂದ ಎರಡನೆಯದಕ್ಕೆ ಬೀಳುವಾಗ ಇನ್ನೊಂದು ಸಲ ಒದೆಯಿತು. ಹಿಂದಿನಿಂದ ಸಣ್ಣ ಸದ್ದು ಬಂತು. ಗಾಜಿನ ಮನೆಯವರಿಗೆ ಆ ಸದ್ದು ನಿದ್ದೆಯಲ್ಲಿ ಕೇಳಿದರೂ ಗೊತ್ತಾಗುತ್ತದೆ.

ಹೋಟೆಲೊಂದಕ್ಕೆಂದು ಮಾಡಿದ ದೊಡ್ಡ ಕನ್ನಡಿ ಹಿಂದಕ್ಕೆ ಜಾರಿ ಹಿಂಬಾಗಿಲಿಗೆ ಬಡಿದು ಮೂಲೆ ಮುರಿದುಕೊಂಡಿತ್ತು.

ಸಂಜೆ ಮನೆಯಲ್ಲಿ ಜಗಳಕ್ಕೆ ಬರವಿರಲಿಲ್ಲ.

"ಬಾಣ ಬಾಣ ಅಂದ್ಯಲ್ಲ, ನೋಡೀಗ" ಎಂದು ಅತ್ತೆ ಮೊಮ್ಮಗಳ ಮೇಲೆ ಹರಿಹಾಯ್ದರು.

"ಗೇರ್‌ಬಾಕ್ಸ್ ಅದರ ಕೆಲಸ ಮಾಡಿದೆ ಅಜ್ಜಿ. ಕಟ್ಟಿದ್ದು ಸರಿ ಇರಲಿಲ್ಲ."

"ಯಾರು ಕಟ್ಟಿದ್ದು ಗೊತ್ತಾ? ನಿಮ್ಮ ತಾತ. ಅವರು ಕಟ್ಟಿದ್ದು ಸರಿ ಇಲ್ಲ ಅನ್ನೋಕೆ ನಿನಗೆಷ್ಟು ಧೈರ್ಯ?"

"ಹಾಗಾದ್ರೆ ಗಾಡಿ ಹೊಡೆದದ್ದು ಸರಿ ಇಲ್ಲ ಅನ್ನಿ, ಮುಗೀತು" ಎಂದಳು ಡ್ರೈವರಮ್ಮ. ಗಂಡ ಇಬ್ಬರ ನಡುವೆ ಕೂತು ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ಬಹಳ ಶ್ರದ್ಧೆಯಿಂದ ಸುಲಿಯುತ್ತಿದ್ದ. ಜಗಳದಲ್ಲಿ ಅವನಿಗೆ ಹೊಳೆಯುವ ಒಂದೇ ಉಪಾಯ ಅದು.

ಮಾವ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಗಾಡಿಯ ಹಿಂದಿನಿಂದ ಅವರ ದನಿ ಬಂತು. "ಎಲ್ಲರೂ ಇಲ್ಲಿ ಬನ್ನಿ."

ಗಾಜು ಒರಗಿಸುವ ಮರದ ಚೌಕಟ್ಟಿಗೆ ಮುಂದುಗಡೆ ದಪ್ಪ ರಬ್ಬರ್ ಮೆತ್ತಿದ ಅಡ್ಡಪಟ್ಟಿ ಇತ್ತು. ಬ್ರೇಕ್ ಹಾಕಿದಾಗ ಗಾಜು ಮುಂದಕ್ಕೆ ಜಾರದಿರಲಿ ಎಂದು ಮಾವನೇ ಮಾಡಿದ್ದದ್ದು. ಹಿಂದುಗಡೆ ಏನೂ ಇರಲಿಲ್ಲ.

"ನೋಡಿ. ಹಿಂದಕ್ಕೆ ಗಾಜು ಜಾರಬೇಕು ಅಂದ್ರೆ ಗಾಡಿ ಮುಂದಕ್ಕೆ ನೆಗೀಬೇಕು. ಈ ಗಾಡಿ ನಮ್ಮನೆಗೆ ಬಂದಾಗಿಂದ ಒಂದಿನಾನೂ ನೆಗೆದಿಲ್ಲ. ಅದಕ್ಕೆ ಹಿಂದೆ ತಡೆ ಬೇಕು ಅಂತ ಯಾರಿಗೂ ಹೊಳೆದಿಲ್ಲ, ನನಗೂ ಹೊಳೆದಿಲ್ಲ." ಅವರು ಮೊಮ್ಮಗಳ ತಲೆ ಸವರಿದರು. "ಇದರಲ್ಲಿ ಯಾರ ತಪ್ಪೂ ಇಲ್ಲ."

ಮಾರನೆಯ ದಿನ ಅವರು ಹಳೇ ಟೈರು ಕೊಯ್ದು ಹಿಂದೆಯೂ ಅಡ್ಡಪಟ್ಟಿ ಕೂರಿಸಿದರು. ಮೇಸ್ತ್ರಿ ಬಂದು ಗಾಡಿಯ ತುಂಬ ಗಾಜು ಹೇರಿಸಿಯೇ ಓಡಿಸಿ ನೋಡಿದ. ಖಾಲಿ ಗಾಡಿಯಲ್ಲಿ ಪರೀಕ್ಷೆ ಮಾಡಿದ್ದು ತನ್ನ ಪೆದ್ದುತನ ಎಂದು ಒಪ್ಪಿಕೊಂಡು, ಎರಡನೇ ಗೇರಿನ ಸ್ಪ್ರಿಂಗ್ ಬದಲಾಯಿಸಿ ಆ ಒದೆತ ತೆಗೆದ. ಈಗ ಗಾಡಿ ಕಾಲಿನ ಮಾತು ಕೇಳುತ್ತಿತ್ತು, ಆದರೆ ಒದೆಯುತ್ತಿರಲಿಲ್ಲ. ಡ್ರೈವರಮ್ಮ ಆ ವಾರ ಎಷ್ಟೋ ಸಲ ದೊಡ್ಡ ರಸ್ತೆಗೆ ಸೇರಿದಳು. ಅಂಗೈ ಬೆವರುವುದು ನಿಂತಿತು. ಸೇತುವೆ ಇಳಿದು ಬರುವ ಲಾರಿ ಕನ್ನಡಿಯಲ್ಲಿ ದೂರದಲ್ಲೇ ಉಳಿಯುತ್ತಿತ್ತು.

ಪಕ್ಕದ ಸೀಟು ಮಾತ್ರ ಖಾಲಿಯೇ ಇತ್ತು.

ಭಾನುವಾರದ ಮಧ್ಯಾಹ್ನದ ಊಟಕ್ಕೆ ಅತ್ತೆ ಬೇಳೆ, ಮೊಟ್ಟೆ, ಹುರಿದ ಆಲೂಗಡ್ಡೆ ಎಲ್ಲವನ್ನೂ ಮಾಡಿದ್ದರು. ಮಾವನ ಬಾಯಿರುಚಿಯಾದರೂ ಮರಳಲಿ ಎಂಬ ಹಂಚಿಕೆ. ಮಾವ ಒಂದು ಸೌಟು ಅನ್ನಕ್ಕೇ ಕೈ ಅಡ್ಡ ಹಿಡಿದರು.

ಅತ್ತೆಯ ಕಣ್ಣು ತುಂಬಿಬಂತು. "ನಾಳೆ ಡಾಕ್ಟರ ಹತ್ರ ಹೋಗ್ತಿದೀವಿ. ನೀವು ಬರಲ್ಲ ಅಂದ್ರೆ ನಾನೂ ಊಟ ಮಾಡಲ್ಲ."

"ನನಗೇನೂ ಆಗಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

ಡ್ರೈವರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೇ ಹೊರಗೆ ಬಂತು.

"ಮಾವ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗುರುತು ಪರಿಚಯ ಇಲ್ಲದವನ ವ್ಯಾನ್‌ನಲ್ಲಿ ಒಂದು ವಾರ ಕೂತ್ರಿ. ಅವನು ಫೋನ್ ಹಿಡ್ಕೊಂಡೇ ಗಾಡಿ ಹೊಡೀತಿದ್ದ. ನನ್ನ ಪಕ್ಕ ಕೂರೋಕೆ ಮಾತ್ರ ನಿಮಗೆ ಭಯಾನಾ?"

"ಭಯಾನಾ? ಯಾರಿಗೆ?"

"ನಿಮಗೆ. ಆವತ್ತು ಲಾರಿ ನಿಮ್ಮ ಬಾಗಿಲ ಹತ್ರ ಬಂದು ನಿಂತಾಗಿಂದ."

ಮಾವ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ಸೊಸೆಯ ಮುಖವನ್ನು, ಆಮೇಲೆ ಹೆಂಡತಿಯ ಮುಖವನ್ನು ನೋಡಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಅವನ ವ್ಯಾನ್‌ದು ದೊಡ್ಡ ಎಂಜಿನ್ ಕಣಮ್ಮ. ನನ್ನಂಥವರು ನಾಲ್ಕು ಜನ ಹತ್ತಿದ್ರೂ ಎಳ್ಕೊಂಡು ಹೋಗ್ತಿತ್ತು."

"ಅಂದ್ರೆ?"

"ಅಂದ್ರೆ ಏನು? ನನ್ನ ಗಾತ್ರ ನೋಡು. ಆರು ಮಿಲಿ ದಪ್ಪದ ದೊಡ್ಡ ಗಾಜು ಎರಡು ಹಾಳೆ ಹೇರಿದ್ರೆ ಎಷ್ಟೋ ಅಷ್ಟು ತೂಕ ನಾನೊಬ್ಬನೇ. ಆವತ್ತು ನೀನು ಕಾಲು ಒತ್ತಿದ್ರೂ ಗಾಡಿ ಮುಂದಕ್ಕೆ ಹೋಗ್ಲಿಲ್ಲ. ಗಾಜು ಇಳಿಸೋ ಹಾಗಿಲ್ಲ, ಅದು ಗಿರಾಕಿದು. ನೀನು ಇಳಿದ್ರೆ ಗಾಡಿ ಹೊಡೆಯೋರಿಲ್ಲ. ಇಳಿಸಬಹುದಾದ ಭಾರ ಅಂತ ಇದ್ದಿದ್ದು ನಾನೊಬ್ಬನೇ."

ಮಗಳ ಬಾಯಿ ತೆರೆದೇ ಇತ್ತು.

"ನನ್ನ ದೆಸೆಯಿಂದ ನಿನಗೆ ಏನಾದ್ರೂ ಆಗಿದ್ರೆ ಏನಮ್ಮ ಮಾಡ್ತಿದ್ದೆ ನಾನು?" ಎಂದರು ಮಾವ. "ಲಾರಿಯವನು ಬ್ರೇಕ್ ಹಾಕದೇ ಇದ್ದಿದ್ರೆ?"

ಅತ್ತೆ ನಿಧಾನವಾಗಿ ಕೇಳಿದರು. "ಈ ಅನ್ನ ಬಿಟ್ಟಿದ್ದು?"

"ಸ್ವಲ್ಪ ಇಳಿದ್ರೆ ಮತ್ತೆ ಹತ್ಬಹುದು ಅಂತ. ಒಂದು ಹಾಳೆಯಷ್ಟಾದ್ರೂ ಇಳೀಬೇಕಲ್ಲ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ನಲ್ಲ, ಆವತ್ತೇ. ಭಾರ ಕಮ್ಮಿ ಮಾಡಿದ್ರೆ ಸಾಕು ಅಂತ. ಯಾರು ಕಿವಿ ಮೇಲೆ ಹಾಕ್ಕೊಂಡ್ರಿ?"

ಮೊದಲು ನಕ್ಕವನು ಗಂಡ. ಆಮೇಲೆ ಮಗಳು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅತ್ತೆ ನಗುತ್ತ ಅಳುತ್ತ, ಸೌಟಿನ ತುಂಬ ಅನ್ನ ತೆಗೆದು ಮಾವನ ತಟ್ಟೆಗೆ ಸುರಿದು, ಅದರ ಮೇಲೆ ಇನ್ನೊಂದು ಸುರಿದು, "ತಿನ್ನಿ, ಕೈ ಅಡ್ಡ ಹಿಡಿದ್ರೆ ಕೈ ಮೇಲೇ ಹಾಕ್ತೀನಿ" ಎಂದರು. ಕಾಯಿಲೆಯಿಲ್ಲ, ಏನೂ ಇಲ್ಲ, ಬರೀ ಹಟ. ಅವರ ಎದೆಯ ಮೇಲಿನ ಕಲ್ಲು ಇಳಿದಿತ್ತು.

ಡ್ರೈವರಮ್ಮ ನೀರು ತರುವ ನೆಪದಲ್ಲಿ ಒಳಗೆ ಹೋದಳು. ನಲ್ಲಿ ತಿರುಗಿಸಿ, ಚೊಂಬು ತುಂಬಿ ಚೆಲ್ಲುವವರೆಗೂ ಹಾಗೇ ನಿಂತಳು. ಎಷ್ಟು ರಾತ್ರಿ ಮಗ್ಗುಲು ಬದಲಾಯಿಸಿದ್ದಳು, ಎಷ್ಟು ಸಲ ಮನಸ್ಸಿನಲ್ಲೇ ಆ ಮನುಷ್ಯನ ಜೊತೆ ಜಗಳವಾಡಿದ್ದಳು. ಅವರು ಅವಳನ್ನು ನಂಬದೆ ಇಳಿದಿರಲಿಲ್ಲ. ಅವಳು ಉಳಿಯಲಿ ಎಂದು ಇಳಿದಿದ್ದರು.

ಮುಖ ತೊಳೆದು ಬಂದು ಚೊಂಬು ಇಟ್ಟಳು. "ಈಗಿನ ಗೇರ್‌ಬಾಕ್ಸ್‌ಗೆ ಎರಡು ಹಾಳೆ ಲೆಕ್ಕಕ್ಕೇ ಇಲ್ಲ ಮಾವ. ನಾಳೆ ಹತ್ತಿ."

"ಎಳೆಯುತ್ತೆ ಅಂತೀಯಾ?"

"ಅತ್ತೆ ಈಗ ಹಾಕಿದ ಅನ್ನವನ್ನೂ ಸೇರಿಸಿ ಎಳೆಯುತ್ತೆ."

ಮರುದಿನ ಬೆಳಿಗ್ಗೆ ಮಾವ ಗಾಜಿಗೆ ಬೆಲ್ಟ್ ಬಿಗಿದು, ಮುಂದಿನ ಬಾಗಿಲು ತೆಗೆದು, ಸ್ವಲ್ಪ ಸಂಕೋಚದಿಂದಲೇ ಹತ್ತಿ ಕೂತರು. ಏರಿನ ತುದಿಯಲ್ಲಿ ಅವರು ಎರಡೂ ಕೈಯಿಂದ ಸೀಟು ಹಿಡಿದದ್ದು ಅವಳಿಗೆ ಕಂಡಿತು. ಸಂದು ಸಿಕ್ಕಿತು, ಕಾಲು ಒತ್ತಿದಳು. ಗಾಜನ್ನೂ ಮಾವನನ್ನೂ ಹೊತ್ತುಕೊಂಡು ಗಾಡಿ ಸರಾಗವಾಗಿ ದೊಡ್ಡ ರಸ್ತೆಗೆ ಸೇರಿಕೊಂಡಿತು. ಮಾವ ಹಿಂದಿನ ಕಿಂಡಿಯಲ್ಲಿ ನೋಡಿದರು, ಗಾಜು ಅಲುಗಿರಲಿಲ್ಲ. ಅವರ ಕೈ ಸೀಟು ಬಿಟ್ಟಿತು.

"ಪರವಾಗಿಲ್ಲ ಕಣಮ್ಮ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಇಡೀ ದಿನದ ಕೆಲಸ. ಸಂಜೆ ವಾಪಸು ಹೊರಡುವಾಗ ಗಾಡಿ ಖಾಲಿಯಾಗಿತ್ತು, ಬಿಸಿಲು ತಗ್ಗಿತ್ತು. ಅವಳು ಹೋಟೆಲಿನವರ ಹೊಸ ಕನ್ನಡಿಯ ಅಳತೆಯ ಬಗ್ಗೆ ಏನೋ ಕೇಳಿದಳು. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಮಾವ ತಲೆಯನ್ನು ಕಿಟಕಿಗೆ ಒರಗಿಸಿ, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದರು. ತಮ್ಮ ಬೀದಿಗೆ ಇಳಿಯಲು ಅದೇ ದೊಡ್ಡ ರಸ್ತೆಯನ್ನು ಅಡ್ಡ ದಾಟಬೇಕು. ಸೇತುವೆಯ ಮೇಲಿನಿಂದ ಲಾರಿಗಳು ಒಂದರ ಹಿಂದೊಂದು ಇಳಿದು ಬರುತ್ತಿದ್ದವು. ಅವಳು ನಿಂತಳು. ಒಂದು ಸಂದು ಬಂತು, ಈ ಗಾಡಿಗೆ ಧಾರಾಳವಾಗಿ ಸಾಲುವ ಸಂದು. ಬಿಟ್ಟಳು. ಇನ್ನೊಂದು ಬಂತು, ಅದನ್ನೂ ಬಿಟ್ಟಳು. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಒತ್ತಿಕೊಳ್ಳಲಿ ಎಂದುಕೊಂಡಳು.

ಕೊನೆಗೆ ರಸ್ತೆ ಎರಡೂ ಕಡೆ ಪೂರ್ತಿ ಖಾಲಿಯಾಯಿತು. ಇಷ್ಟೆಲ್ಲ ರಾದ್ಧಾಂತ ಮಾಡಿ ಚುರುಕು ಮಾಡಿಸಿದ ಗಾಡಿಯನ್ನು ಡ್ರೈವರಮ್ಮ, ಮಾವನಿಗೆ ಎಚ್ಚರವಾಗದ ಹಾಗೆ, ಬಹಳ ನಿಧಾನವಾಗಿ ದಾಟಿಸಿದಳು.